ಕುಡಿತದಿಂದ ಪಾರಾಗಲು ಇನ್ನೊಬ್ಬ ಕುಡುಕನನ್ನು ಹುಡುಕಿದ ಬಿಲ್ ವಿಲ್ಸನ್

1935ರ ಮೇ 11, ಶನಿವಾರ. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿರುವ ಮೇಫ್ಲವರ್ ಹೋಟೆಲ್. ಲಾಬಿಯ ಒಂದು ತುದಿಯಲ್ಲಿ ಬಾರ್, ಇನ್ನೊಂದು ತುದಿಯಲ್ಲಿ ಟೆಲಿಫೋನ್ ಮತ್ತು ಊರಿನ ಚರ್ಚ್‌ಗಳ ಪಟ್ಟಿ. ಇವೆರಡರ ನಡುವೆ ಅತ್ತಿಂದಿತ್ತ ಓಡಾಡುತ್ತಿದ್ದವರು ನ್ಯೂಯಾರ್ಕ್‌ನಿಂದ ಬಂದಿದ್ದ 39 ವರ್ಷದ ಬಿಲ್ ವಿಲ್ಸನ್. ಬಂದಿದ್ದ ವ್ಯವಹಾರ ಕೈಕೊಟ್ಟಿತ್ತು, ಹೋಟೆಲ್ ಬಿಲ್ ಕಟ್ಟುವುದೇ ಚಿಂತೆಯಾಗಿತ್ತು. ಕುಡಿತ ಬಿಟ್ಟು ಐದೇ ತಿಂಗಳಾಗಿತ್ತು. ಬಾರ್ ಕೈಬೀಸಿ ಕರೆಯುತ್ತಿತ್ತು.

ಬಿಲ್ ಹುಟ್ಟಿದ್ದು 1895ರ ನವೆಂಬರ್ 26ರಂದು, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಪುಟ್ಟ ಊರಿನಲ್ಲಿ. ಅಜ್ಜಿ ನಡೆಸುತ್ತಿದ್ದ ಹೋಟೆಲಿನ ಬಾರ್ ಹಿಂದಿನ ಕೋಣೆಯೇ ಅವರ ಜನ್ಮಸ್ಥಳ ಎಂಬುದು ವಿಚಿತ್ರವಾದರೂ ನಿಜ. ಅಪ್ಪ ಮನೆ ಬಿಟ್ಟರು, ಅಮ್ಮ ಓದಲೆಂದು ಬಾಸ್ಟನ್‌ಗೆ ಹೋದರು. ಹುಡುಗ ಬೆಳೆದಿದ್ದು ತಾಯಿಯ ತಂದೆ-ತಾಯಿಯ ಆಸರೆಯಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಸೇನಾಧಿಕಾರಿಯಾದರು, ಆಗಲೇ ಗ್ಲಾಸ್ ಹಿಡಿದರು. ನಾಚಿಕೆ ಸ್ವಭಾವದ ಯುವಕನಿಗೆ ಮದ್ಯ ಮಾತು ಕೊಟ್ಟಿತು, ಧೈರ್ಯ ಕೊಟ್ಟಿತು. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಕಿತ್ತುಕೊಂಡಿತು.

1920ರ ದಶಕದಲ್ಲಿ ಷೇರುಪೇಟೆಯಲ್ಲಿ ಒಳ್ಳೆಯ ಹೆಸರು ಮಾಡಿದ್ದರು. 1929ರ ಕುಸಿತದ ನಂತರ ಹಣವೂ ಹೋಯಿತು, ನಂಬಿಕೆಯೂ ಹೋಯಿತು. ಪತ್ನಿ ಲೋಯಿಸ್ ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ ದುಡಿದು ಮನೆ ನಡೆಸಿದರು. ಬಿಲ್ ಮತ್ತೆ ಮತ್ತೆ ನ್ಯೂಯಾರ್ಕ್‌ನ ಟೌನ್ಸ್ ಆಸ್ಪತ್ರೆ ಸೇರುತ್ತಿದ್ದರು. ಕುಡಿತವೆಂದರೆ ದುರ್ಗುಣವಲ್ಲ, ಕಾಯಿಲೆ ಎಂದು ಅವರಿಗೆ ಮೊದಲು ಬಿಡಿಸಿ ಹೇಳಿದವರು ಅಲ್ಲಿನ ವೈದ್ಯ ಡಾ. ವಿಲಿಯಂ ಸಿಲ್ಕ್‌ವರ್ತ್. 1934ರ ನವೆಂಬರ್‌ನಲ್ಲಿ ಹಳೆಯ ಕುಡುಕ ಗೆಳೆಯ ಎಬ್ಬಿ ಥ್ಯಾಚರ್ ಮನೆಗೆ ಬಂದರು, ಅದೂ ಕುಡಿಯದೆ! ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಬಳಗ ಸೇರಿ ಅವರು ಚೇತರಿಸಿಕೊಂಡಿದ್ದರು. ಡಿಸೆಂಬರ್‌ನಲ್ಲಿ ಕೊನೆಯ ಬಾರಿ ಆಸ್ಪತ್ರೆ ಸೇರಿದ ಬಿಲ್, ಮತ್ತೆಂದೂ ಕುಡಿಯಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಸಿಕ್ಕ ಸಿಕ್ಕ ಕುಡುಕರಿಗೆಲ್ಲ ಉಪದೇಶ ಮಾಡಿದರು. ಒಬ್ಬರೂ ಬಿಡಲಿಲ್ಲ. ಆದರೆ ಅಷ್ಟೂ ದಿನ ಉಪದೇಶ ಮಾಡಿದವರಂತೂ ಕುಡಿದಿರಲಿಲ್ಲ. ಅದನ್ನು ಗಮನಿಸಿ ಹೇಳಿದ್ದು ಲೋಯಿಸ್. ಉಪದೇಶ ಬಿಟ್ಟು ಕಾಯಿಲೆಯ ಬಗ್ಗೆ ಮಾತನಾಡಿ ಎಂದು ಡಾ. ಸಿಲ್ಕ್‌ವರ್ತ್ ಸಲಹೆ ಕೊಟ್ಟಿದ್ದರು.

ಹೋಟೆಲ್ ಲಾಬಿಯಲ್ಲಿ ಬಿಲ್ ಟೆಲಿಫೋನ್ ಕಡೆ ತಿರುಗಲು ಇದೇ ಕಾರಣ. ಪಾದ್ರಿ ವಾಲ್ಟರ್ ಟಂಕ್ಸ್ ಅವರಿಗೆ ಫೋನ್ ಮಾಡಿ, ಮಾತನಾಡಲು ತಮಗೊಬ್ಬ ಮದ್ಯವ್ಯಸನಿ ಬೇಕು ಎಂದು ಕೇಳಿಕೊಂಡರು. ಅವರಿಂದ ಸುಮಾರು ಹತ್ತು ಹೆಸರು ಸಿಕ್ಕವು. ಒಂದೊಂದಾಗಿ ಕರೆ ಮಾಡುತ್ತಾ ಹೋಗಿ ಕೊನೆಗೆ ತಲುಪಿದ್ದು ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆಯನ್ನು. ಅವರಿಗೆ ಅಂಥ ಒಬ್ಬರು ಗೊತ್ತಿದ್ದರು, ಶಸ್ತ್ರಚಿಕಿತ್ಸಕ ಡಾ. ರಾಬರ್ಟ್ ಸ್ಮಿತ್. ಆದರೆ ಅಂದು ಡಾಕ್ಟರ್ ಮಾತನಾಡುವ ಸ್ಥಿತಿಯಲ್ಲಿರಲಿಲ್ಲ. ತಾಯಂದಿರ ದಿನಕ್ಕೆಂದು ಹೂಕುಂಡ ತಂದು, ಕುಡಿದು ಮಲಗಿಬಿಟ್ಟಿದ್ದರು.

ಮರುದಿನ ಸಂಜೆ ಹೆನ್ರಿಯೆಟಾ ಮನೆಗೆ ಬಂದ ಡಾ. ಸ್ಮಿತ್ 15 ನಿಮಿಷ ಮಾತ್ರ ಇರುವುದಾಗಿ ಪತ್ನಿಗೆ ಹೇಳಿದ್ದರು. ಎದ್ದಾಗ ರಾತ್ರಿ 11 ದಾಟಿತ್ತು. ಅವರೂ ಎರಡು ವರ್ಷಗಳಿಂದ ಆಕ್ಸ್‌ಫರ್ಡ್ ಗ್ರೂಪ್‌ಗೆ ಹೋಗುತ್ತಿದ್ದವರೇ. ಪ್ರಾರ್ಥನೆ, ಹಿತೈಷಿಗಳು ಯಾವುದಕ್ಕೂ ಕೊರತೆ ಇರಲಿಲ್ಲ. ಅನುಭವಿಸಿ ಮಾತನಾಡುವವರು ಮಾತ್ರ ಅಲ್ಲಿವರೆಗೆ ಸಿಕ್ಕಿರಲಿಲ್ಲ. ಬಿಲ್ ಬುದ್ಧಿವಾದ ಹೇಳಲಿಲ್ಲ, ತಮ್ಮ ಕಥೆ ಹೇಳಿದರು.

ಎಲ್ಲವೂ ಒಂದೇ ರಾತ್ರಿಯಲ್ಲಿ ಸರಿಹೋಗಲಿಲ್ಲ. ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದ ಸ್ಮಿತ್ ಅಲ್ಲಿ ಮತ್ತೆ ವಿಪರೀತ ಕುಡಿದರು. ಮರಳಿದಾಗ ಮುಂದೆ ಶಸ್ತ್ರಚಿಕಿತ್ಸೆ ಕಾದಿತ್ತು, ಕೈ ನಡುಗುತ್ತಿತ್ತು. ಆ ಬೆಳಗ್ಗೆ ನಡುಕ ನಿಲ್ಲಲೆಂದು ಬಿಯರ್ ಕೊಟ್ಟವರು ಸ್ವತಃ ಬಿಲ್! ಅದೇ ಸ್ಮಿತ್ ಅವರ ಕೊನೆಯ ಕುಡಿತ. ಆ ದಿನ, 1935ರ ಜೂನ್ 10, ಈಗ ಆಲ್ಕೋಹಾಲಿಕ್ಸ್ ಅನಾನಿಮಸ್ ಅಂದರೆ 'ಎಎ' ಹುಟ್ಟಿದ ದಿನ. ಇಬ್ಬರೂ ಸೇರಿ ಆಕ್ರನ್‌ನ ಆಸ್ಪತ್ರೆಗೆ ಹೋಗಿ, ಹಾಸಿಗೆ ಹಿಡಿದಿದ್ದ ವಕೀಲರೊಬ್ಬರ ಪಕ್ಕ ಕುಳಿತರು. ಗುಂಪಿಗೆ ಮೂರನೆಯವರು ಸಿಕ್ಕರು.

ನ್ಯೂಯಾರ್ಕ್‌ಗೆ ಮರಳಿದ ಬಿಲ್ ಬ್ರೂಕ್ಲಿನ್‌ನ ಮನೆಯಲ್ಲಿ ಮಂಗಳವಾರದ ಸಭೆ ಆರಂಭಿಸಿದರು. 1939ರಲ್ಲಿ 12 ಹಂತಗಳಿರುವ ಪುಸ್ತಕ ಬಂತು. ಅದೇ ವರ್ಷ ಆ ಮನೆ ಕೈತಪ್ಪಿ, ದಂಪತಿ ಸುಮಾರು ಎರಡು ವರ್ಷ ಸ್ನೇಹಿತರ ಮನೆಗಳಲ್ಲಿ ದಿನ ಕಳೆದರು. 1941ರ ಮಾರ್ಚ್‌ನಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಲೇಖನ ಬಂದ ಮೇಲೆ ಸದಸ್ಯರ ಸಂಖ್ಯೆ ಒಂದೇ ವರ್ಷದಲ್ಲಿ ಸುಮಾರು 2,000ದಿಂದ 8,000ಕ್ಕೆ ಏರಿತು. ಕುಡುಕರ ಮನೆಯವರಿಗಾಗಿ ಲೋಯಿಸ್ 1951ರಲ್ಲಿ ಅಲ್-ಅನಾನ್ ಕಟ್ಟಿದರು. ಇಂದು ಬೆಂಗಳೂರು, ಮುಂಬೈ, ಚೆನ್ನೈಗಳಲ್ಲೂ ಎಎ ಸಭೆಗಳು ನಡೆಯುತ್ತವೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಬಿಡಬೇಕೆಂಬ ಆಸೆ ಇದ್ದರೆ ಸಾಕು.

ಬಿಲ್ ದೇವರಂಥ ಮನುಷ್ಯರೇನೂ ಆಗಿರಲಿಲ್ಲ. ವರ್ಷಗಟ್ಟಲೆ ಖಿನ್ನತೆ ಕಾಡಿತು. ಸಿಗರೇಟಂತೂ ಬಿಡಲಾಗಲಿಲ್ಲ, ಅದೇ ಶ್ವಾಸಕೋಶವನ್ನು ತಿಂದುಹಾಕಿತು. ಕೊನೆಯ ದಿನಗಳಲ್ಲಿ, 36 ವರ್ಷಗಳ ನಂತರವೂ, ಅವರು ವಿಸ್ಕಿ ಕೇಳಿದ್ದು ಆರೈಕೆ ಮಾಡುತ್ತಿದ್ದ ನರ್ಸ್‌ಗಳ ಟಿಪ್ಪಣಿಯಲ್ಲಿದೆ. ಯಾರೂ ಕೊಡಲಿಲ್ಲ.

1971ರ ಜನವರಿ 24ರಂದು, 53ನೇ ವಿವಾಹ ವಾರ್ಷಿಕೋತ್ಸವದ ದಿನ, ಮಯಾಮಿಯಲ್ಲಿ ಅವರು ತೀರಿಕೊಂಡರು. ಬಿಲ್ ಡಬ್ಲ್ಯೂ. ಎಂದಷ್ಟೇ ಗುರುತಿಸಿಕೊಂಡಿದ್ದವರ ಪೂರ್ಣ ಹೆಸರನ್ನು ಪತ್ರಿಕೆಗಳು ಆಗ ಮುಖಪುಟದಲ್ಲಿ ಅಚ್ಚು ಹಾಕಿದವು. ಈಸ್ಟ್ ಡಾರ್ಸೆಟ್‌ನಲ್ಲಿರುವ ಅವರ ಸಮಾಧಿ ಕಲ್ಲಿನ ಮೇಲೆ ಎಎ ಹೆಸರಿಲ್ಲ. ಕುಡಿತ ಬಿಟ್ಟವರು ಬಂದು, ತಮಗೆ ಸಭೆಯಲ್ಲಿ ಸಿಕ್ಕ ಬಿಲ್ಲೆಗಳನ್ನು ಅಲ್ಲಿಟ್ಟು ಹೋಗುತ್ತಾರೆ.