ಹೊತ್ತೊಯ್ಯುವ ಕಂಪ್ಯೂಟರ್ ಕೊಟ್ಟ ಆಡಮ್ ಆಸ್ಬಾರ್ನ್

ಮಕ್ಕಳೇ, ನೀವು ಲ್ಯಾಪ್‌ಟಾಪ್ ನೋಡಿರಬೇಕಲ್ಲವೇ? ಪುಸ್ತಕದಂತೆ ಮಡಚಿ, ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಬಹುದು. ಆದರೆ ಸುಮಾರು ಐವತ್ತು ವರ್ಷಗಳ ಹಿಂದೆ ಕಂಪ್ಯೂಟರನ್ನು ಹೊತ್ತುಕೊಂಡು ಹೋಗುವುದು ಸುಲಭವಾಗಿರಲಿಲ್ಲ. 1975ರಲ್ಲಿ ಐಬಿಎಂ ಕಂಪನಿ ಅಂಥ ಒಂದು ಯಂತ್ರವನ್ನು ತಂದಿತ್ತು. ಅದರ ತೂಕ 20 ಕಿಲೋಗ್ರಾಂಗೂ ಹೆಚ್ಚು, ಬೆಲೆ 8,000 ಡಾಲರಿಗೂ ಹೆಚ್ಚು. ಸಾಮಾನ್ಯ ಜನ ಅದನ್ನು ಕೊಳ್ಳುವ ಹಾಗಿರಲಿಲ್ಲ.

ಹೊರಲು ಆಗುವಂಥ, ಕೊಳ್ಳಲೂ ಆಗುವಂಥ ಕಂಪ್ಯೂಟರನ್ನು ಜನರಿಗೆ ತಲುಪಿಸಿದವರು ಆಡಮ್ ಆಸ್ಬಾರ್ನ್. ಅವರ ಬಾಲ್ಯ ಕಳೆದದ್ದು ನಮ್ಮ ನೆರೆಯ ತಮಿಳುನಾಡಿನಲ್ಲಿ ಎಂದರೆ ನಿಮಗೆ ಆಶ್ಚರ್ಯವಾಗಬಹುದು!

ತಿರುವಣ್ಣಾಮಲೈಯ ಬಾಲಕ

ಆಡಮ್ ಹುಟ್ಟಿದ್ದು 1939ರ ಮಾರ್ಚ್ 6ರಂದು, ಥಾಯ್ಲೆಂಡಿನ ಬ್ಯಾಂಕಾಕ್ ನಗರದಲ್ಲಿ. ತಂದೆ ಆರ್ಥರ್ ಆಸ್ಬಾರ್ನ್ ಇಂಗ್ಲೆಂಡಿನವರು. ಬ್ಯಾಂಕಾಕಿನ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ತಾಯಿ ಪೋಲೆಂಡಿನವರು. ಎರಡನೇ ಮಹಾಯುದ್ಧದ ಸಮಯದಲ್ಲಿ ತಾಯಿ ಮತ್ತು ಮಕ್ಕಳು ತಿರುವಣ್ಣಾಮಲೈಗೆ ಬಂದರು. ಬ್ಯಾಂಕಾಕಿನಲ್ಲಿದ್ದ ತಂದೆ ಜಪಾನೀಯರ ಸೆರೆಯಲ್ಲಿ ಸಿಕ್ಕಿಕೊಂಡರು. ಯುದ್ಧ ಮುಗಿದ ಮೇಲಷ್ಟೇ ಅವರು ಮನೆಯವರನ್ನು ಸೇರಿಕೊಂಡರು. ರಮಣ ಮಹರ್ಷಿಗಳ ಆಶ್ರಮದ ನೆರೆಯಲ್ಲಿ ಬೆಳೆದ ಬಾಲಕ ಆಡಮ್‌ಗೆ ತಮಿಳು ಚೆನ್ನಾಗಿ ಬರುತ್ತಿತ್ತು.

ಸುಮಾರು 11ನೇ ವಯಸ್ಸಿಗೆ ಅವರು ಇಂಗ್ಲೆಂಡಿಗೆ ಹೋದರು. 1961ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ರಾಸಾಯನಿಕ ಎಂಜಿನಿಯರಿಂಗ್ ಪದವಿ ಪಡೆದರು. ಆಮೇಲೆ ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಕ್ಯಾಲಿಫೋರ್ನಿಯದಲ್ಲಿ ತೈಲ ಕಂಪನಿಯೊಂದನ್ನು ಸೇರಿದರು. ಅಲ್ಲಿದ್ದಾಗಲೇ ಕಂಪ್ಯೂಟರುಗಳ ಮೇಲೆ ಆಸಕ್ತಿ ಹುಟ್ಟಿತು.

ಮೊದಲು ಪುಸ್ತಕ, ಆಮೇಲೆ ಯಂತ್ರ

1971ರಲ್ಲಿ ಮೈಕ್ರೊಪ್ರೊಸೆಸರ್ ಮಾರುಕಟ್ಟೆಗೆ ಬಂದಿತ್ತು. ಲೆಕ್ಕ ಮಾಡುವ ಸಾವಿರಾರು ಪುಟ್ಟ ಸ್ವಿಚ್ಚುಗಳನ್ನು ಉಗುರಿಗಿಂತ ಚಿಕ್ಕದಾದ ಸಿಲಿಕಾನ್ ಚೂರಿನ ಮೇಲೆ ಸೇರಿಸಿದರೆ ಅದೇ ಮೈಕ್ರೊಪ್ರೊಸೆಸರ್. ಇದರಿಂದಾಗಿ ಕೋಣೆ ತುಂಬುತ್ತಿದ್ದ ಕಂಪ್ಯೂಟರು ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಯಿತು. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಜನರಿಗೆ ತಿಳಿಸುವವರು ಬೇಕಿತ್ತು. ಆ ಕೆಲಸಕ್ಕೆ ಆಸ್ಬಾರ್ನ್ ಮುಂದಾದರು. ಮೈಕ್ರೊ ಕಂಪ್ಯೂಟರುಗಳ ಬಗ್ಗೆ ತಾವು ಬರೆದ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿ, ಹವ್ಯಾಸಿಗಳು ಸೇರುತ್ತಿದ್ದ ಕಂಪ್ಯೂಟರ್ ಕ್ಲಬ್ಬಿಗೆ ಹೊತ್ತೊಯ್ದು ಮಾರಿದರು. ಪುಸ್ತಕಕ್ಕೆ ಬಹಳ ಬೇಡಿಕೆ ಬಂತು. 1979ರಲ್ಲಿ ಅವರ ಪ್ರಕಾಶನ ಸಂಸ್ಥೆಯನ್ನು ಮೆಕ್‌ಗ್ರಾ-ಹಿಲ್ ಎಂಬ ದೊಡ್ಡ ಕಂಪನಿ ಕೊಂಡುಕೊಂಡಿತು.

ಈಗ ಅವರ ಕೈಯಲ್ಲಿ ಹಣವಿತ್ತು. ತಲೆಯಲ್ಲಿ ಒಂದು ಯೋಚನೆಯೂ ಇತ್ತು. ಆಗ ಕಂಪ್ಯೂಟರ್ ಕೊಳ್ಳುವವರು ಯಂತ್ರ, ಪರದೆ, ಫ್ಲಾಪಿ ಡ್ರೈವ್, ತಂತ್ರಾಂಶ ಎಲ್ಲವನ್ನೂ ಬೇರೆ ಬೇರೆಯಾಗಿ ಕೊಂಡು ಜೋಡಿಸಿಕೊಳ್ಳಬೇಕಾಗಿತ್ತು. ಇವೆಲ್ಲವೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಬೆಲೆಗೆ ಸಿಗುವಂತಿರಬಾರದೇಕೆ?

ಯಂತ್ರದ ವಿನ್ಯಾಸ ಮಾಡಲು ಅವರು ಲೀ ಫೆಲ್ಸೆನ್‌ಸ್ಟೈನ್ ಎಂಬ ಎಂಜಿನಿಯರನ್ನು ಕೇಳಿಕೊಂಡರು. ಕಂಪ್ಯೂಟರ್ ಎಲ್ಲರಿಗೂ ಸಿಗಬೇಕು ಎಂಬುದು ಫೆಲ್ಸೆನ್‌ಸ್ಟೈನ್ ಅವರ ಹಂಬಲವೂ ಆಗಿತ್ತು. 1973ರಲ್ಲಿಯೇ ಅವರು ಗೆಳೆಯರೊಡನೆ ಸೇರಿ ಬರ್ಕ್ಲಿ ನಗರದ ಸಂಗೀತದ ಅಂಗಡಿಯೊಂದರಲ್ಲಿ ಜನಸಾಮಾನ್ಯರು ಬಳಸಲೆಂದು ಕಂಪ್ಯೂಟರ್ ಟರ್ಮಿನಲ್ ಇರಿಸಿದ್ದರು.

ಪೆಟ್ಟಿಗೆಯೊಳಗೆ ಏನಿತ್ತು?

1981ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಂಪ್ಯೂಟರ್ ಮೇಳದಲ್ಲಿ 'ಆಸ್ಬಾರ್ನ್-1' ಜನರ ಮುಂದೆ ಬಂತು. ಹಿಡಿಕೆಯಿದ್ದ ಅದು, ನೋಡಲು ಹೊಲಿಗೆ ಯಂತ್ರದ ಪೆಟ್ಟಿಗೆಯ ಹಾಗಿತ್ತು. ಮುಚ್ಚಳ ತೆಗೆದರೆ ಅದೇ ಕೀಲಿಮಣೆ! ಒಳಗೆ 5 ಇಂಚಿನ ಪರದೆ, ಎರಡು ಫ್ಲಾಪಿ ಡ್ರೈವ್, 64 ಕಿಲೋಬೈಟ್ ಸ್ಮರಣೆ. ತೂಕ ಸುಮಾರು 11 ಕಿಲೋಗ್ರಾಂ. ವಿಮಾನದ ಆಸನದ ಕೆಳಗೆ ಅದನ್ನು ತೂರಿಸಿ ಇಡಬಹುದಿತ್ತು. ಆದರೆ ಬಳಸಲು ವಿದ್ಯುತ್ ಪ್ಲಗ್ ಬೇಕಾಗಿತ್ತು.

ಬರವಣಿಗೆಗೆ ವರ್ಡ್‌ಸ್ಟಾರ್, ಲೆಕ್ಕಪತ್ರಕ್ಕೆ ಸೂಪರ್‌ಕ್ಯಾಲ್ಕ್, ಪ್ರೋಗ್ರಾಂ ಬರೆಯಲು ಬೇಸಿಕ್ ಭಾಷೆ, ಎಲ್ಲವೂ ಜೊತೆಯಲ್ಲೇ ಬರುತ್ತಿದ್ದವು. ಬೇರೆಯಾಗಿ ಕೊಂಡರೆ ಈ ತಂತ್ರಾಂಶಗಳ ಬೆಲೆಯೇ ಯಂತ್ರದ ಬೆಲೆಯ ಹತ್ತಿರ ಬರುತ್ತಿತ್ತು. ಎಲ್ಲ ಸೇರಿ ಆಸ್ಬಾರ್ನ್-1ರ ಬೆಲೆ 1,795 ಡಾಲರ್. ಆಗಿನ ಲೆಕ್ಕದಲ್ಲಿ ಇದು ಸುಮಾರು 15 ಸಾವಿರ ರೂಪಾಯಿ. ಇದೂ ಕಡಿಮೆ ಹಣವಲ್ಲ, ನಿಜ. ಆದರೆ ಅದೇ ವರ್ಷ ಬಂದ ಐಬಿಎಂ ಪಿಸಿಗೆ ಪರದೆ, ಫ್ಲಾಪಿ ಡ್ರೈವ್ ಇಲ್ಲದೆಯೇ 1,565 ಡಾಲರ್ ಕೊಡಬೇಕಿತ್ತು!

ಇಷ್ಟು ಕಡಿಮೆ ಬೆಲೆ ಹೇಗೆ ಸಾಧ್ಯವಾಯಿತು? ಆಸ್ಬಾರ್ನ್ ಹೊಸ ಭಾಗಗಳನ್ನು ಕಂಡುಹಿಡಿಯಲು ಹೋಗಲಿಲ್ಲ. ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಭಾಗಗಳನ್ನೇ ಜಾಣತನದಿಂದ ಜೋಡಿಸಿದರು. ಅತ್ಯುತ್ತಮವಾದದ್ದೇ ಬೇಕೆಂದು ಹಟ ಹಿಡಿಯದೆ, ಕೆಲಸಕ್ಕೆ ಸಾಕಾಗುವಷ್ಟು ಇದ್ದರೆ ಸಾಕು ಎಂದುಕೊಂಡರು. ಪರದೆ ಚಿಕ್ಕದಾದ್ದರಿಂದ ಒಂದು ಸಾಲಿನಲ್ಲಿ 52 ಅಕ್ಷರಗಳು ಮಾತ್ರ ಕಾಣುತ್ತಿದ್ದವು. ಉದ್ದದ ಸಾಲನ್ನು ಓದಲು ಪರದೆಯ ಮೇಲಿನ ಬರಹವನ್ನು ಪಕ್ಕಕ್ಕೆ ಸರಿಸಬೇಕಿತ್ತು. ಜನ ಅದನ್ನು ಸಹಿಸಿಕೊಂಡರು. ಬೇಡಿಕೆ ಹೆಚ್ಚಿದಾಗ ತಿಂಗಳಿಗೆ 10,000 ಯಂತ್ರಗಳವರೆಗೆ ಮಾರಾಟವಾದವು.

ಒಂದು ಮಾತು ಮುಂಚೆ ಆಡಿದ್ದಕ್ಕೆ

ಆದರೆ ಮಕ್ಕಳೇ, ಈ ಗೆಲುವು ಬಹಳ ದಿನ ಉಳಿಯಲಿಲ್ಲ. ನೀವು ಸೈಕಲ್ ಕೊಳ್ಳಲು ಅಂಗಡಿಗೆ ಹೋದಿರಿ ಎಂದುಕೊಳ್ಳಿ. ಮುಂದಿನ ತಿಂಗಳು ಇದಕ್ಕಿಂತ ಒಳ್ಳೆಯ ಸೈಕಲ್ ಬರುತ್ತದೆ ಎಂದು ಅಂಗಡಿಯವರೇ ಹೇಳಿದರೆ ನೀವೇನು ಮಾಡುತ್ತೀರಿ? ಕಾಯುತ್ತೀರಿ, ಅಲ್ಲವೇ? 1983ರಲ್ಲಿ ಆಸ್ಬಾರ್ನ್ ಮಾಡಿದ್ದೂ ಹೀಗೆಯೇ. ಹೊಸ ಮಾದರಿ ಅಂಗಡಿಗೆ ಬರುವ ಮೊದಲೇ ಅದರ ವಿಷಯ ಹೇಳಿಬಿಟ್ಟರು. ಹಳೆಯ ಮಾದರಿಯನ್ನು ಕೊಳ್ಳುವವರು ಕಡಿಮೆಯಾದರು. ಇದೊಂದೇ ಕಾರಣವಲ್ಲ ಎಂದು ಹೇಳುವವರೂ ಇದ್ದಾರೆ. ಅದೇ ಬೆಲೆಗೆ 9 ಇಂಚಿನ ಪರದೆಯ ಕೇಪ್ರೊ ಎಂಬ ಯಂತ್ರ ಬಂದಿತ್ತು. ಕಂಪನಿಯ ಲೆಕ್ಕಪತ್ರವೂ ಸರಿಯಾಗಿರಲಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿಯಾಯಿತು. ಹೊಸದನ್ನು ಮುಂಚೆಯೇ ಸಾರಿ ಹಳೆಯದರ ಮಾರಾಟ ಕೆಡಿಸಿಕೊಳ್ಳುವುದಕ್ಕೆ ಇಂದಿಗೂ ವ್ಯಾಪಾರಿಗಳು 'ಆಸ್ಬಾರ್ನ್ ಪರಿಣಾಮ' ಎನ್ನುತ್ತಾರೆ.

ಅವರು ಅಲ್ಲಿಗೆ ಸುಮ್ಮನಾಗಲಿಲ್ಲ. ತಂತ್ರಾಂಶವೂ ಅಗ್ಗವಾಗಿ ಸಿಗಬೇಕೆಂದು 1984ರಲ್ಲಿ ಇನ್ನೊಂದು ಕಂಪನಿ ಕಟ್ಟಿದರು. ಲೋಟಸ್ ಕಂಪನಿ 495 ಡಾಲರಿಗೆ ಮಾರುತ್ತಿದ್ದ ಲೆಕ್ಕದ ತಂತ್ರಾಂಶದಂಥದ್ದನ್ನೇ ಸುಮಾರು 100 ಡಾಲರಿಗೆ ಕೊಟ್ಟರು. ತಮ್ಮದನ್ನು ನಕಲು ಮಾಡಲಾಗಿದೆ ಎಂದು ಲೋಟಸ್ ನ್ಯಾಯಾಲಯಕ್ಕೆ ಹೋಯಿತು. 1990ರಲ್ಲಿ ತೀರ್ಪು ಲೋಟಸ್ ಪರವಾಗಿ ಬಂತು.

ಆಮೇಲೆ ಮಿದುಳಿನ ಕಾಯಿಲೆ ಅವರನ್ನು ಕುಗ್ಗಿಸಿತು. 1992ರಲ್ಲಿ ಅವರು ಮತ್ತೆ ತಮಿಳುನಾಡಿಗೆ ಬಂದು ಕೊಡೈಕನಾಲಿನಲ್ಲಿ ಸೋದರಿಯ ಆಸರೆಯಲ್ಲಿ ನೆಲೆಸಿದರು. 2003ರ ಮಾರ್ಚ್ 18ರಂದು, 64ನೇ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.

ಕಂಪನಿ ಮುಳುಗಿತು, ಯೋಚನೆ ಉಳಿಯಿತು. ಅಗ್ಗದ, ಪುಟ್ಟ ಕಂಪ್ಯೂಟರಿಗಾಗಿ ಆಮೇಲೆಯೂ ಹಲವರು ದುಡಿದರು. ನಮ್ಮ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎಂಜಿನಿಯರುಗಳು ರೂಪಿಸಿದ 'ಸಿಂಪ್ಯೂಟರ್' 2004ರಲ್ಲಿ ಮಾರುಕಟ್ಟೆಗೆ ಬಂತು. ಅದು ಹೆಚ್ಚು ಮಾರಾಟವಾಗಲಿಲ್ಲ. 2012ರಲ್ಲಿ ಬ್ರಿಟನ್ನಿನಲ್ಲಿ, ಮಕ್ಕಳು ಪ್ರೋಗ್ರಾಂ ಬರೆಯಲು ಕಲಿಯಲೆಂದೇ, ಅಂಗೈಯಗಲದ 'ರಾಸ್ಪ್‌ಬೆರಿ ಪೈ' ಕಂಪ್ಯೂಟರ್ 35 ಡಾಲರಿಗೆ ಬಂತು. ಅದು ಬಹಳ ದೇಶಗಳ ಮಕ್ಕಳನ್ನು ತಲುಪಿತು.

ಹೊಸ ಯಂತ್ರ ಮಾಡುವುದು ಒಂದು ಸಾಧನೆ. ಅದು ಹೆಚ್ಚು ಜನರ ಕೈಗೆ ಎಟಕುವಂತೆ ಮಾಡುವುದೂ ಅಷ್ಟೇ ದೊಡ್ಡ ಸಾಧನೆ. ಆಸ್ಬಾರ್ನ್ ಅವರ ಜೀವನ ನಮಗೆ ತಿಳಿಸುವುದು ಇದನ್ನೇ.

ಮಾಡಿ ನೋಡಿ: ರಟ್ಟಿನಲ್ಲಿ 9 ಸೆಂಟಿಮೀಟರ್ ಅಗಲ, 6.5 ಸೆಂಟಿಮೀಟರ್ ಎತ್ತರದ ಕಿಂಡಿ ಕತ್ತರಿಸಿ. ಅದನ್ನು ನಿಮ್ಮ ಪಾಠಪುಸ್ತಕದ ಮೇಲಿಟ್ಟು, ಪಕ್ಕಕ್ಕೆ ಸರಿಸುತ್ತಾ ಒಂದು ಪುಟ ಓದಿ. ಆಸ್ಬಾರ್ನ್-1 ಬಳಸಿದವರ ಕಷ್ಟ ನಿಮಗೂ ತಿಳಿಯುತ್ತದೆ!