ಹುಲ್ಲುಗಾವಲಿನ ಪೇಟೆಗಳಲ್ಲಿ ಊಟದ ಮೇಜು ಹಾಕಿದ ಫ್ರೆಡ್ ಹಾರ್ವೆ

ಬೆಂಗಳೂರು-ಮೈಸೂರು ರೈಲಿನಲ್ಲಿ ಓಡಾಡಿದವರಿಗೆ ಮದ್ದೂರು ಎಂದೊಡನೆ ವಡೆಯ ನೆನಪಾಗುತ್ತದೆ. ಒಂದು ಸಣ್ಣ ಪೇಟೆಯ ಹೆಸರು ಅಲ್ಲಿ ಸಿಗುವ ತಿಂಡಿಯಿಂದಲೇ ನಾಡಿಗೆಲ್ಲ ಹಬ್ಬುವುದು ನಮಗೆ ಹೊಸತಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಕಾನ್ಸಸ್ ಮತ್ತು ನ್ಯೂ ಮೆಕ್ಸಿಕೊ ಪ್ರಾಂತ್ಯಗಳ ಹತ್ತಾರು ಸಣ್ಣ ಊರುಗಳಿಗೆ ಅಂಥ ಹೆಸರು ತಂದುಕೊಟ್ಟವನು ಫ್ರೆಡ್ ಹಾರ್ವೆ. ಆತ ಅಡುಗೆಯವನಲ್ಲ, ಹೊಸ ಖಾದ್ಯವನ್ನು ಕಂಡುಹಿಡಿದವನೂ ಅಲ್ಲ. ಮತ್ತೊಮ್ಮೆ ಮುಖ ಕಾಣುವ ಸಂಭವವೇ ಇಲ್ಲದ ದಾರಿಹೋಕನಿಗೂ ಒಳ್ಳೆಯ ಊಟವನ್ನೇ ಬಡಿಸಬೇಕೆಂದು ಹಟ ಹಿಡಿದ ವ್ಯಾಪಾರಿ ಆತ.

ಆ ಹಟದ ಬೆಲೆ ತಿಳಿಯಬೇಕಾದರೆ ಅಂದಿನ ರೈಲು ಪ್ರಯಾಣಿಕರ ಪಾಡನ್ನು ಮೊದಲು ತಿಳಿಯಬೇಕು. ಆಗ ಪಶ್ಚಿಮದ ಮಾರ್ಗಗಳಲ್ಲಿ ಊಟದ ಬೋಗಿಗಳಿರಲಿಲ್ಲ. ಎಂಜಿನ್ ನೀರು ಕುಡಿಯಲು ನಿಂತ ಊರಿನಲ್ಲಿ ಪ್ರಯಾಣಿಕರು ಇಳಿದು, ನಿಲ್ದಾಣದ ಬಳಿಯ ಖಾನಾವಳಿಗೆ ಓಡಬೇಕಾಗಿತ್ತು. ಅಲ್ಲಿ ಸಿಗುತ್ತಿದ್ದುದು ಹಳಸಿದ ಮಾಂಸ, ಕಲ್ಲಿನಂತಹ ಬ್ರೆಡ್ಡು, ದಿನಗಟ್ಟಲೆ ಕಾಯಿಸಿದ ಕಾಫಿ. ಅದಕ್ಕಿಂತ ಕೆಟ್ಟದ್ದು ಅಲ್ಲಿ ನಡೆಯುತ್ತಿದ್ದ ಮೋಸ. ಹಣವನ್ನು ಮೊದಲೇ ವಸೂಲು ಮಾಡಿ, ಊಟವನ್ನು ಬೇಕೆಂದೇ ತಡಮಾಡುತ್ತಿದ್ದರು. ತಟ್ಟೆ ಮುಂದೆ ಬರುವಷ್ಟರಲ್ಲಿ ರೈಲಿನ ಸಿಳ್ಳೆ ಕೇಳುತ್ತಿತ್ತು. ಪ್ರಯಾಣಿಕರು ಬಿಟ್ಟು ಓಡಿದ ಊಟವನ್ನೇ ಮುಂದಿನ ರೈಲಿನವರಿಗೆ ಬಡಿಸುವ ಖಾನಾವಳಿಗಳಿದ್ದವು, ಆ ಲಾಭದಲ್ಲಿ ರೈಲಿನ ಸಿಬ್ಬಂದಿಗೂ ಪಾಲಿತ್ತು ಎಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ. ಗಿರಾಕಿ ಮರಳಿ ಬರುವವನಲ್ಲ ಎಂಬುದೇ ಈ ದಂಧೆಗೆ ಬಂಡವಾಳ.

ಪಾತ್ರೆ ತೊಳೆಯುವ ಹುಡುಗ

ಹಾರ್ವೆ ಹುಟ್ಟಿದ್ದು 1835ರಲ್ಲಿ, ಲಂಡನ್ ನಗರದಲ್ಲಿ. ಹದಿನೇಳು-ಹದಿನೆಂಟರ ವಯಸ್ಸಿನಲ್ಲಿ, 1853ರಲ್ಲಿ, ಜೇಬಿನಲ್ಲಿ ಕೆಲವೇ ಪೌಂಡುಗಳನ್ನಿಟ್ಟುಕೊಂಡು ಹಡಗು ಹತ್ತಿ ನ್ಯೂಯಾರ್ಕ್ ತಲುಪಿದ. ಸಿಕ್ಕ ಮೊದಲ ಕೆಲಸ ಸ್ಮಿತ್ ಅಂಡ್ ಮೆಕ್‌ನೆಲ್ಸ್ ಎಂಬ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು. ಅದು ವಾಷಿಂಗ್ಟನ್ ಮಾರುಕಟ್ಟೆಯ ಮಗ್ಗುಲಲ್ಲೇ ಇದ್ದ, ಸದಾ ಗಿಜಿಗುಡುತ್ತಿದ್ದ ಭೋಜನಾಲಯ. ಮಾರುಕಟ್ಟೆಗೆ ಬಂದಿಳಿದ ತಾಜಾ ಸಾಮಗ್ರಿ ಅಲ್ಲಿಯೇ ಬೆಂದು ವ್ಯಾಪಾರಿಗಳ ತಟ್ಟೆ ಸೇರುತ್ತಿತ್ತು. ಪಾತ್ರೆ ತೊಳೆಯುವಲ್ಲಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಹತ್ತುತ್ತಾ ಹಾರ್ವೆ ಹೋಟೆಲಿನ ಒಳಗುಟ್ಟನ್ನೆಲ್ಲ ಕಲಿತ.

ಅಲ್ಲಿಂದ ನ್ಯೂ ಆರ್ಲಿಯನ್ಸ್, ಬಳಿಕ ಸೇಂಟ್ ಲೂಯಿಸ್. ಅಲ್ಲಿ ಪಾಲುದಾರನೊಬ್ಬನೊಡನೆ ಸ್ವಂತ ಹೋಟೆಲು ತೆರೆದದ್ದೂ ಆಯಿತು. ಅಂತರ್ಯುದ್ಧ ಆರಂಭವಾಯಿತು, ಪಾಲುದಾರ ಗಲ್ಲಾದ ಹಣದೊಂದಿಗೆ ದಕ್ಷಿಣದ ಕಡೆಗೆ ಪರಾರಿಯಾದ. ಹಾರ್ವೆ ಜ್ವರಪೀಡಿತನೂ ಆದ. ಚೇತರಿಸಿಕೊಂಡ ಬಳಿಕ ರೈಲ್ವೆ ಅಂಚೆಯಲ್ಲಿ, ಮುಂದೆ ರೈಲ್ವೆ ಕಂಪನಿಯ ಸರಕು ಏಜೆಂಟನಾಗಿ ದುಡಿದ. ಕಾನ್ಸಸ್ಸಿನ ಲೆವೆನ್‌ವರ್ತ್ ಊರಿನಲ್ಲಿ ನೆಲೆಸಿದ ಮೇಲೆ ಸ್ಥಳೀಯ ಪತ್ರಿಕೆಗೆ ಜಾಹೀರಾತು ಸಂಗ್ರಹಿಸುವ ಕೆಲಸವನ್ನೂ ಮಾಡಿದನೆಂಬುದು ಪತ್ರಿಕೋದ್ಯಮದವರಿಗೆ ಖುಷಿ ಕೊಡುವ ಸಂಗತಿ! ಆದರೆ ಮನೆಯೊಳಗೆ ಖುಷಿಯ ದಿನಗಳು ಅವಾಗಿರಲಿಲ್ಲ. ಮೊದಲ ಪತ್ನಿ ತೀರಿಕೊಂಡಿದ್ದಳು. ಆಕೆಯ ಇಬ್ಬರು ಪುಟ್ಟ ಗಂಡುಮಕ್ಕಳನ್ನು 1865ರಲ್ಲಿ ಕೆಂಪುಜ್ವರ ಬಲಿ ತೆಗೆದುಕೊಂಡಿತು. ಎರಡನೆಯ ಪತ್ನಿ ಸ್ಯಾಲಿಯ ಮಕ್ಕಳೇ ಮುಂದೆ ಆತನ ವ್ಯವಹಾರವನ್ನು ಬೆಳೆಸಿದವರು.

ಸರಕು ಏಜೆಂಟನ ವೃತ್ತಿಯೆಂದರೆ ವರ್ಷವಿಡೀ ರೈಲಿನಲ್ಲೇ ತಿರುಗಾಟ. ನಿಲ್ದಾಣದ ಖಾನಾವಳಿಗಳ ಊಟ ಆತನ ಹೊಟ್ಟೆಯನ್ನೂ ಕೆಡಿಸಿತು. 1875ರ ಸುಮಾರಿಗೆ ಮತ್ತೊಬ್ಬ ಪಾಲುದಾರನೊಡನೆ ಕಾನ್ಸಸ್ ಪೆಸಿಫಿಕ್ ಮಾರ್ಗದಲ್ಲಿ ಊಟದ ಮನೆಗಳನ್ನು ತೆರೆದ. ಗುಣಮಟ್ಟದ ವಿಷಯದಲ್ಲಿ ಇಬ್ಬರಿಗೂ ಹೊಂದಲಿಲ್ಲ, ಬೇರ್ಪಟ್ಟರು. ತಾನು ಕೆಲಸಕ್ಕಿದ್ದ ಬರ್ಲಿಂಗ್ಟನ್ ರೈಲ್ವೆಯ ಮುಂದೆ ತನ್ನ ಯೋಜನೆಯನ್ನಿಟ್ಟಾಗ ಆ ಕಂಪನಿ ಒಪ್ಪಲಿಲ್ಲ. ಒಪ್ಪಿದ್ದು ಆಗಿನ್ನೂ ಪಶ್ಚಿಮಕ್ಕೆ ಹಳಿ ಹಾಸುತ್ತಿದ್ದ ಸಾಂಟಾ ಫೆ ರೈಲ್ವೆ. ಅದರ ಅಧಿಕಾರಿ ಚಾರ್ಲ್ಸ್ ಮೋರ್ಸ್ ಮತ್ತು ಹಾರ್ವೆಯ ನಡುವೆ ಆರಂಭದಲ್ಲಿ ಬರೆದ ಕರಾರು ಕೂಡ ಇರಲಿಲ್ಲ, ಕೈಕುಲುಕಿದ್ದೇ ಒಪ್ಪಂದ. ರೈಲ್ವೆ ಜಾಗ ಕೊಡುವುದು, ಸಾಮಗ್ರಿಯನ್ನು ಬಾಡಿಗೆಯಿಲ್ಲದೆ ಸಾಗಿಸುವುದು. ಊಟ ಮತ್ತು ಅದರ ಲಾಭ ಹಾರ್ವೆಯದು.

1876ರಲ್ಲಿ ಟೊಪೀಕಾ ನಿಲ್ದಾಣದ ಮಹಡಿಯ ಮೇಲಿದ್ದ ಸಣ್ಣ ಉಪಾಹಾರ ಗೃಹವನ್ನು ಹಾರ್ವೆ ವಹಿಸಿಕೊಂಡ. ಮೊದಲು ಮಾಡಿದ್ದು ಸುಣ್ಣಬಣ್ಣ, ನೆಲ ತಿಕ್ಕಿಸುವುದು, ಶುಭ್ರವಾದ ಮೇಜುಬಟ್ಟೆ, ಹೊಳೆಯುವ ಚಮಚಗಳು. ಪಶ್ಚಿಮಕ್ಕೆ ವಲಸೆ ಹೊರಟವರೆಲ್ಲ ಊಟದ ರುಚಿಗೆ ಟೊಪೀಕಾದಲ್ಲೇ ಉಳಿದುಬಿಟ್ಟಾರೆಂದು ರೈಲ್ವೆಯವರು ಹೆದರಿದರೆಂಬ ಹಾಸ್ಯದ ಮಾತು ಆಗ ಹುಟ್ಟಿಕೊಂಡಿತಂತೆ.

ಫ್ಲಾರೆನ್ಸ್ ಎಂಬ ಪೇಟೆ

ಹಾರ್ವೆಯ ನಿಜವಾದ ಪರೀಕ್ಷೆ ನಡೆದದ್ದು ಟೊಪೀಕಾದಲ್ಲಲ್ಲ. ಅದು ಎಷ್ಟಾದರೂ ರಾಜಧಾನಿ. ಪರೀಕ್ಷೆ ನಡೆದದ್ದು ಫ್ಲಾರೆನ್ಸ್‌ನಲ್ಲಿ. ಹೆಸರು ಇಟಲಿಯ ಮಹಾನಗರದ್ದಾದರೂ ಇದು ಕಾನ್ಸಸ್ಸಿನ ಮೇರಿಯನ್ ಕೌಂಟಿಯ ಪುಟ್ಟ ಪೇಟೆ. ಕಾಟನ್‌ವುಡ್ ನದಿಯ ದಂಡೆ, ಒಂದು ಕಡೆ ದನ ಮೇಯಿಸುವ ಫ್ಲಿಂಟ್ ಗುಡ್ಡಗಳು, ಇನ್ನೊಂದು ಕಡೆ ಗೋಧಿಯ ಹೊಲಗಳು. 1874ರಿಂದೀಚೆಗೆ ರಷ್ಯಾದಿಂದ ಬಂದ ಮೆನೊನೈಟ್ ಪಂಥದ ರೈತರು ಈ ಸೀಮೆಯಲ್ಲಿ ನೆಲೆಸಿ ಟರ್ಕಿ ರೆಡ್ ಎಂಬ ಚಳಿಗಾಲದ ಗೋಧಿಯನ್ನು ಬಿತ್ತಿದ್ದರು. ದನ, ಧಾನ್ಯ, ಕಟ್ಟಡದ ಸುಣ್ಣಕಲ್ಲು ಇವಿಷ್ಟೂ ರೈಲು ಹತ್ತುತ್ತಿದ್ದ ಊರದು. ಮನೆಯ ಹೊರಗೆ ಊಟವೆಂದರೆ ಹಸಿವು ನೀಗುವುದಷ್ಟೇ ಎಂದು ತಿಳಿದಿದ್ದ ಜನ.

1878ರಲ್ಲಿ ಈ ಊರಿನ ನಿಲ್ದಾಣದ ಬಳಿಯ ಹೋಟೆಲನ್ನು ಹಾರ್ವೆ ಹಿಡಿದ. ಮುಂದೆ ಅದು ಕ್ಲಿಫ್ಟನ್ ಹೋಟೆಲ್ ಎಂದು ಹೆಸರಾಯಿತು. ಉಳಿದವರಿಗೆ ಹುಚ್ಚೆನಿಸುವ ಕೆಲಸವೊಂದನ್ನು ಆತ ಇಲ್ಲಿ ಮಾಡಿದ. ಷಿಕಾಗೋದ ಪಾಮರ್ ಹೌಸ್ ಎಂಬ ಪ್ರಖ್ಯಾತ ಹೋಟೆಲಿನಿಂದ ಮುಖ್ಯ ಬಾಣಸಿಗನನ್ನೇ ಈ ಹುಲ್ಲುಗಾವಲಿಗೆ ಕರೆತಂದ. ಆತನಿಗೆ ಕೊಟ್ಟ ಸಂಬಳ ವರ್ಷಕ್ಕೆ 5,000 ಡಾಲರು. ಆ ಊರಿನಲ್ಲಿ ಅಷ್ಟು ಸಂಪಾದನೆ ಬ್ಯಾಂಕಿನವರಿಗೂ ಇರಲಿಲ್ಲವೆಂಬುದು ಇಂದಿಗೂ ಹೇಳುವ ಮಾತು.

ಬಾಣಸಿಗ ಸುಮ್ಮನೆ ಕೂರಲಿಲ್ಲ. ಸುತ್ತಲಿನ ರೈತರಿಂದ ತಾಜಾ ಬೆಣ್ಣೆ, ಮೊಟ್ಟೆ, ತರಕಾರಿ ಕೊಳ್ಳತೊಡಗಿದ. ಬೇಟೆಗಾರರು ತಂದ ಹುಲ್ಲುಗಾವಲ ಕಾಡುಕೋಳಿಗೆ ಡಜನ್ನಿಗೆ ಒಂದು ಡಾಲರು ಕೊಟ್ಟನೆಂದು ದಾಖಲೆಗಳಿವೆ. ಅಂದರೆ ದೂರದ ಪಟ್ಟಣದಿಂದ ಬಂದ ಅಡುಗೆಯವನು ಊರಿನ ಸಂತೆಗೆ ಹೊಸ ಗಿರಾಕಿಯಾದ. ಸಣ್ಣ ಊರಿನಲ್ಲಿ ದೊಡ್ಡ ಹೋಟೆಲು ತೆರೆದರೆ ಊರಿಗೇನು ಲಾಭ ಎಂದು ಕೇಳುವವರಿಗೆ ಇದೊಂದು ಉತ್ತರ. ಊಟದ ಕೋಣೆಯಲ್ಲಿ ಪ್ರಯಾಣಿಕರ ಪಕ್ಕದಲ್ಲೇ ಊರಿನ ವರ್ತಕರೂ ದನದ ವ್ಯಾಪಾರಿಗಳೂ ಕೂರತೊಡಗಿದರು.

ಅರ್ಧ ಗಂಟೆಯ ಲೆಕ್ಕ

ರೈಲು ನಿಲ್ಲುವುದು ಸುಮಾರು ಅರ್ಧ ಗಂಟೆ. ಅಷ್ಟರೊಳಗೆ ಹತ್ತಾರು ಜನಕ್ಕೆ ಹಲವು ಬಗೆಯ ಪೂರ್ಣ ಊಟ ಬಡಿಸುವುದು ಹೇಗೆ? ಹಾರ್ವೆಯ ಪ್ರತಿಭೆ ಅಡಗಿದ್ದುದೇ ಈ ಲೆಕ್ಕದಲ್ಲಿ. ಹಿಂದಿನ ನಿಲ್ದಾಣಕ್ಕೂ ಮೊದಲೇ ರೈಲಿನ ಸಿಬ್ಬಂದಿ ಬೋಗಿಗಳಲ್ಲಿ ಓಡಾಡಿ, ಭೋಜನಶಾಲೆಗೆ ಎಷ್ಟು ಮಂದಿ, ಬರಿಯ ತಿಂಡಿಗೆ ಎಷ್ಟು ಮಂದಿ ಎಂದು ಕೇಳಿಕೊಳ್ಳುತ್ತಿದ್ದರು. ಆ ಸಂಖ್ಯೆ ತಂತಿಯ ಮೂಲಕ ಮುಂದಿನ ಊರಿಗೆ ತಲುಪುತ್ತಿತ್ತು. ಊರು ಒಂದು ಮೈಲಿ ದೂರವಿರುವಾಗ ಎಂಜಿನ್ ಸಿಳ್ಳೆ ಹಾಕುತ್ತಿತ್ತು; ಒಡನೆಯೇ ಮೊದಲ ಬಡಿಕೆ ಮೇಜಿಗೆ ಬರುತ್ತಿತ್ತು. ಇಳಿದವರಿಗೆ ದಾರಿ ತೋರಲು ಹೊರಗೆ ಜಾಗಟೆ ಬಾರಿಸುತ್ತಿದ್ದರು.

ಪಾನೀಯದ ವ್ಯವಸ್ಥೆ ಇನ್ನೂ ಸ್ವಾರಸ್ಯದ್ದು. ಒಬ್ಬಳು ಬಂದು ಯಾರಿಗೆ ಏನು ಬೇಕೆಂದು ಕೇಳಿ, ಮುಂದಿರುವ ಕಪ್ಪನ್ನು ಒಂದು ರೀತಿಯಲ್ಲಿ ಇಟ್ಟು ಹೋಗುತ್ತಿದ್ದಳು. ನೆಟ್ಟಗಿದ್ದರೆ ಕಾಫಿ, ಬೋರಲಾಗಿದ್ದರೆ ಬಿಸಿ ಚಹಾ, ಬೋರಲಾಗಿ ತಟ್ಟೆಯಿಂದ ಆಚೆಗಿದ್ದರೆ ಹಾಲು. ಹಿಂದೆಯೇ ಬಂದವಳು ಏನನ್ನೂ ಕೇಳದೆ ಸರಿಯಾಗಿ ಸುರಿಯುತ್ತಾ ಹೋಗುವಳು. ಪ್ರಯಾಣಿಕರಿಗೆ ಇದೊಂದು ಇಂದ್ರಜಾಲ. ಯಾರಾದರೂ ಕಪ್ಪನ್ನು ಅಲುಗಾಡಿಸಿದರೆ ಮಾತ್ರ ಎಡವಟ್ಟು.

ಕಾಫಿಯನ್ನು ಎರಡು ಗಂಟೆಗೊಮ್ಮೆ ಹೊಸದಾಗಿ ಮಾಡಬೇಕು. ಊರಿನ ನೀರು ಚೌಳಾಗಿದ್ದರೆ ಒಳ್ಳೆಯ ನೀರನ್ನು ರೈಲಿನಲ್ಲೇ ತರಿಸಬೇಕು. ಕಿತ್ತಳೆ ರಸವನ್ನು ಕೇಳಿದ ಮೇಲೆಯೇ ಹಿಂಡಬೇಕು. ಬೇರೆಯವರು ಆರು ತುಂಡು ಮಾಡುವ ಪೈಯನ್ನು ನಾಲ್ಕೇ ತುಂಡು ಮಾಡಬೇಕು. ನಾಲ್ಕು ದಿನ ಪ್ರಯಾಣ ಮಾಡುವವನಿಗೆ ಒಂದೇ ಪದಾರ್ಥ ಮತ್ತೆ ಮತ್ತೆ ಸಿಗದಂತೆ ಊರಿಂದ ಊರಿಗೆ ಊಟದ ಪಟ್ಟಿ ಬದಲಾಗಬೇಕು. ಇದೆಲ್ಲಕ್ಕೆ ಆರಂಭದಲ್ಲಿ 50 ಸೆಂಟು, ಬಳಿಕ 75 ಸೆಂಟು.

ಹಾರ್ವೆ ಮುನ್ಸೂಚನೆಯಿಲ್ಲದೆ ತಪಾಸಣೆಗೆ ಬರುತ್ತಿದ್ದ. ಅಂಚು ಮುರಿದ ಒಂದು ತಟ್ಟೆ ಕಂಡರೂ ಮೇಜುಬಟ್ಟೆಯನ್ನೇ ಎಳೆದು ಎಲ್ಲವನ್ನೂ ನೆಲಕ್ಕೆ ಕೆಡಹುತ್ತಿದ್ದನೆಂದು ಕಥೆಗಳಿವೆ. ಇನ್ನೊಂದು ಕಥೆ ಇನ್ನೂ ಪ್ರಸಿದ್ಧ: ತಿಂಗಳಿಗೆ ಸಾವಿರ ಡಾಲರ್ ನಷ್ಟದಲ್ಲಿದ್ದ ಹೋಟೆಲಿನ ನಷ್ಟವನ್ನು ಅರ್ಧಕ್ಕಿಳಿಸಿದ ಮ್ಯಾನೇಜರನನ್ನು ಹಾರ್ವೆ ಕೆಲಸದಿಂದ ತೆಗೆದನಂತೆ. ಊಟದ ಪ್ರಮಾಣ ಕಡಿಮೆ ಮಾಡದೆ ನಷ್ಟ ಇಳಿಯದು ಎಂಬುದು ಆತನ ಗ್ರಹಿಕೆ. ನಡೆದದ್ದೋ ಕಟ್ಟಿದ್ದೋ, ಸಿಬ್ಬಂದಿ ಅದನ್ನು ನಂಬಿದ್ದರು. ಮಾಲೀಕನಿಗೆ ಬೇಕಾದದ್ದೂ ಅಷ್ಟೇ.

ರೆಟಾನ್‌ನಿಂದ ಬಂದ ಬದಲಾವಣೆ

1883ರಲ್ಲಿ ನ್ಯೂ ಮೆಕ್ಸಿಕೊದ ರೆಟಾನ್ ಎಂಬ ಊರಿನಲ್ಲಿ ನಡೆದ ಘಟನೆ ಹಾರ್ವೆಯ ಹೆಸರನ್ನು ಊಟದಾಚೆಗೂ ಒಯ್ದಿತು. ಅಲ್ಲಿ ಬಡಿಸುತ್ತಿದ್ದವರು ಕಪ್ಪು ಜನಾಂಗದ ಮಾಣಿಗಳು. ಒಂದು ರಾತ್ರಿ ಹೊಡೆದಾಟವಾಗಿ ಮರುದಿನ ಕೆಲಸ ನಿಂತುಹೋಯಿತು. ಧಾವಿಸಿ ಬಂದ ಹಾರ್ವೆ ಮ್ಯಾನೇಜರನೂ ಸೇರಿದಂತೆ ಎಲ್ಲರನ್ನೂ ತೆಗೆದುಹಾಕಿದ. ಹೊಸ ಮ್ಯಾನೇಜರ್ ಟಾಮ್ ಗೇಬಲ್ ಮುಂದಿಟ್ಟ ಸಲಹೆಯಂತೆ ಯುವತಿಯರನ್ನು ನೇಮಿಸಲಾಯಿತು. ಪೂರ್ವದ ಪತ್ರಿಕೆಗಳಲ್ಲಿ ಜಾಹೀರಾತು ಬಂತು: ವಯಸ್ಸು 18ರಿಂದ 30, ನಡತೆ ಚೆನ್ನಾಗಿರಬೇಕು. ಸಂಬಳ ತಿಂಗಳಿಗೆ 17 ಡಾಲರ್ 50 ಸೆಂಟು. ಊಟ, ವಸತಿ, ಭಕ್ಷೀಸು ಬೇರೆ.

ಹೋಟೆಲಿನಲ್ಲಿ ಬಡಿಸುವ ಹೆಣ್ಣನ್ನು ಸಮಾಜ ಒಳ್ಳೆಯ ಕಣ್ಣಿನಿಂದ ನೋಡದಿದ್ದ ಕಾಲವದು. ಆದ್ದರಿಂದಲೇ ನಿಯಮಗಳು ಕಟ್ಟುನಿಟ್ಟಾಗಿದ್ದವು. ಕಪ್ಪು ಉಡುಪು, ಬಿಳಿಯ ಏಪ್ರನ್, ಮುಖಕ್ಕೆ ಬಣ್ಣ ಹಚ್ಚುವಂತಿಲ್ಲ. ವಸತಿಗೃಹದಲ್ಲಿ ಮೇಲ್ವಿಚಾರಕಿ, ರಾತ್ರಿ ಹತ್ತಕ್ಕೆ ಬಾಗಿಲು. ಕರಾರಿನ ಅವಧಿ ಮುಗಿಯುವವರೆಗೆ ಮದುವೆಯಾಗುವಂತಿಲ್ಲ. ಇಂದಿನವರಿಗೆ ಇದು ಸೆರೆಮನೆಯಂತೆ ಕಂಡೀತು. ಆದರೆ ಹೊಲಮನೆಯ ದುಡಿತ ಇಲ್ಲವೇ ಬೇಗನೆ ಮದುವೆ, ಇವೆರಡೇ ದಾರಿಯಿದ್ದ ಸಾವಿರಾರು ಯುವತಿಯರಿಗೆ ಸ್ವಂತ ಸಂಪಾದನೆಯ, ಊರು ನೋಡುವ ಅವಕಾಶವನ್ನು ಈ ಕೆಲಸ ಕೊಟ್ಟಿತೆಂಬುದೂ ನಿಜ. ಹಲವರು ಅಲ್ಲಿಯೇ ಮದುವೆಯಾಗಿ ಆ ಊರುಗಳನ್ನು ಕಟ್ಟಿದರು. 1946ರಲ್ಲಿ ಜೂಡಿ ಗಾರ್ಲೆಂಡ್ ನಟಿಸಿದ 'ದಿ ಹಾರ್ವೆ ಗರ್ಲ್ಸ್' ಚಲನಚಿತ್ರ ಇವರ ಕುರಿತಾದದ್ದೇ.

ಚಿತ್ರ ಹೇಳದ ಸಂಗತಿಯೂ ಒಂದಿದೆ. ರೆಟಾನ್‌ನ ಹೊಡೆದಾಟದಲ್ಲಿ ತಪ್ಪು ಯಾರದೇ ಇರಲಿ, ಕೆಲಸ ಹೋದದ್ದು ಕಪ್ಪು ಮಾಣಿಗಳದ್ದು. ಅವರ ಜಾಗಕ್ಕೆ ಬಂದ ಕೆಲಸ ದಶಕಗಳ ಕಾಲ ಬಹುಮಟ್ಟಿಗೆ ಬಿಳಿಯ ಯುವತಿಯರದ್ದೇ ಆಗಿತ್ತು. ಸ್ಥಳೀಯ ಸ್ಪ್ಯಾನಿಷ್ ಭಾಷಿಕ ಹಾಗೂ ಮೂಲನಿವಾಸಿ ಸ್ತ್ರೀಯರು ಹೆಚ್ಚಾಗಿ ಅಡುಗೆಮನೆಯ ಹಿಂದೆ, ಕೊಠಡಿಗಳ ಸ್ವಚ್ಛತೆಯಲ್ಲಿ ಉಳಿದರು. ದಾರಿಹೋಕನನ್ನು ಗೌರವಿಸಿದ ಹಾರ್ವೆಯ ಮನೆಯಲ್ಲಿ ಈ ಗೆರೆ ಅಳಿಸಲಿಲ್ಲ.

ಭೋಜನಶಾಲೆಯಲ್ಲಿ ಗಂಡಸರು ಕೋಟು ಹಾಕಿಯೇ ಕೂರಬೇಕೆಂಬ ನಿಯಮವೂ ಇತ್ತು. ಇಲ್ಲದವರಿಗೆ ಹೋಟೆಲಿನವರೇ ಕಪ್ಪು ಅಲ್ಪಾಕಾ ಕೋಟನ್ನು ಕೊಡುತ್ತಿದ್ದರು. ಹಾರ್ವೆ ತೀರಿಕೊಂಡ ಎಷ್ಟೋ ವರ್ಷಗಳ ಬಳಿಕ ಒಕ್ಲಹೋಮಾದಲ್ಲಿ ಇದು ವ್ಯಾಜ್ಯವಾಯಿತು. 1924ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪಿತ್ತಿತು.

ಊಟವೇ ರೈಲು ಹತ್ತಿದಾಗ

1889ರ ಲಿಖಿತ ಕರಾರು ಮಿಸೌರಿ ನದಿಯಾಚೆಯ ಸಾಂಟಾ ಫೆ ಮಾರ್ಗದಲ್ಲಿ ಊಟ ಒದಗಿಸುವ ಹಕ್ಕನ್ನು ಹಾರ್ವೆಗೆ ಕೊಟ್ಟಿತು. ಎರಡೇ ವರ್ಷಗಳಲ್ಲಿ ರೈಲ್ವೆ ಊಟದ ಬೋಗಿ ಓಡಿಸಲು ಹೊರಟಾಗ ಆತ ನ್ಯಾಯಾಲಯಕ್ಕೆ ಹೋಗಿ ತಡೆ ತಂದ. ಕಾಲದ ಗತಿಯನ್ನು ತಡೆಯಲಾಗದೆಂದು ಆತನಿಗೂ ತಿಳಿದಿತ್ತು. 1893ರಲ್ಲಿ ಆ ಬೋಗಿಗಳನ್ನೂ ತಾನೇ ವಹಿಸಿಕೊಂಡ. ವ್ಯಾಪಾರಿಗೆ ಅದು ಸರಿಯಾದ ನಿರ್ಧಾರವೇ. ಆದರೆ ರೈಲಿನಲ್ಲೇ ಊಟ ಸಿಕ್ಕ ಮೇಲೆ ಸಣ್ಣ ಊರಿನಲ್ಲಿ ಇಳಿಯುವವರಾರು?

ಹಾರ್ವೆಯ ಆರೋಗ್ಯ ಬಹಳ ಹಿಂದೆಯೇ ಕೆಟ್ಟಿತ್ತು. ಕೊನೆಯ ವರ್ಷಗಳಲ್ಲಿ ಚಿಕಿತ್ಸೆಗಾಗಿ ಇಂಗ್ಲೆಂಡಿನಲ್ಲಿ ದೀರ್ಘಕಾಲ ಇದ್ದ. 1901ರ ಫೆಬ್ರವರಿ 9ರಂದು ಲೆವೆನ್‌ವರ್ತ್‌ನ ತನ್ನ ಮನೆಯಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡ. ಆಗ ಆತನ ಹೆಸರಿನಲ್ಲಿ 15 ಹೋಟೆಲುಗಳು, ನಲವತ್ತಕ್ಕೂ ಹೆಚ್ಚು ಉಪಾಹಾರ ಗೃಹಗಳು ಮತ್ತು 30 ಊಟದ ಬೋಗಿಗಳಿದ್ದವು. ಹಿರಿಯ ಮಗ ಫೋರ್ಡ್ ತನ್ನ ಹೆಸರನ್ನೆಲ್ಲೂ ಮುಂದೆ ಮಾಡದೆ, ತಂದೆಯೇ ಬದುಕಿದ್ದಾನೇನೋ ಎಂಬಂತೆ ಫ್ರೆಡ್ ಹಾರ್ವೆ ಎಂಬ ಫಲಕದಡಿಯಲ್ಲೇ ವ್ಯವಹಾರವನ್ನು ಹಿಗ್ಗಿಸಿದ. ಗ್ರ್ಯಾಂಡ್ ಕ್ಯಾನ್ಯನ್ ಅಂಚಿನ ಎಲ್ ಟೊವರ್ ಹೋಟೆಲು 1905ರಲ್ಲಿ ತೆರೆದದ್ದು ಆತನ ಕಾಲದಲ್ಲಿ. 1968ರಲ್ಲಿ ಕಂಪನಿ ಬೇರೆಯವರ ಪಾಲಾಯಿತು.

ಫ್ಲಾರೆನ್ಸ್‌ನ ಕ್ಲಿಫ್ಟನ್ ಹೋಟೆಲಿನ ಊಟದ ಕೋಣೆ ಹಾರ್ವೆ ಸಾಯುವ ಹೊತ್ತಿಗಾಗಲೇ ಮುಚ್ಚಿತ್ತು. 2020ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ ನಾನೂರರ ಆಸುಪಾಸು. ಹೋಟೆಲಿನ ಒಂದು ಭಾಗ ಮಾತ್ರ ಉಳಿದಿದ್ದು, ಊರಿನ ಇತಿಹಾಸ ಸಂಘ ಅದನ್ನು ಹಾರ್ವೆ ಹೌಸ್ ವಸ್ತುಸಂಗ್ರಹಾಲಯವಾಗಿ ಕಾಪಾಡಿಕೊಂಡು ಬಂದಿದೆ.