ನಿವೃತ್ತಿಯನ್ನರಿಯದ ಸೇನಾನಿ: ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ

ನಮ್ಮದು ಅಂತರಸಂತೆ, ಈ ಲೇಖನದ ನಾಯಕರು ಜನಿಸಿದುದು ಶನಿವಾರಸಂತೆಯಲ್ಲಿ. ನಮ್ಮೂರಿನ ಪಡುವಣಕ್ಕೆ ನಾಗರಹೊಳೆಯ ದಟ್ಟವಾದ ಕಾಡು. ಆ ಕಾಡನ್ನು ದಾಟಿದರೆ ಕೊಡಗು. ನಮಗೂ ಕೊಡಗಿಗೂ ನಡುವೆ ಇರುವುದು ಒಂದು ಅರಣ್ಯ ಮಾತ್ರ. ಹುಣಸೂರು, ಪಿರಿಯಾಪಟ್ಟಣಗಳ ಹಾದಿಯಲ್ಲಿ ಮಡಿಕೇರಿಗೆ ಹೋಗಿಬಂದವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಆದುದರಿಂದ ಧರ್ಮಕೇಂದ್ರದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ, ನಮ್ಮ ಧರ್ಮಸಭೆಗೆ ಸೇರಿದವರಲ್ಲದಿದ್ದರೂ ನಮ್ಮ ನೆರೆಯವರೇ ಆದ ಒಬ್ಬ ಮಹನೀಯರ ಜೀವನವನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅವರು ದೊಡ್ಡ ಪದವಿಯನ್ನು ಪಡೆದರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಪದವಿಯಿಂದ ಇಳಿದ ಮೇಲೆ ನಲವತ್ತು ವರ್ಷಗಳ ಕಾಲ ಅವರು ಏನು ಮಾಡಿದರು ಎಂಬುದೇ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದ ವಿಷಯ.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು 1899ರ ಜನವರಿ 28ರಂದು ಜನಿಸಿದರು. ತಂದೆ ಮಾದಪ್ಪನವರು ಕಂದಾಯ ಇಲಾಖೆಯ ನೌಕರಿಯಲ್ಲಿದ್ದರು. ನಾಲ್ವರು ಗಂಡುಮಕ್ಕಳೂ ಇಬ್ಬರು ಹೆಣ್ಣುಮಕ್ಕಳೂ ಇದ್ದ ಆ ಮನೆಯಲ್ಲಿ ಬಾಲಕ ಕಾರ್ಯಪ್ಪನನ್ನು ಎಲ್ಲರೂ ಅಕ್ಕರೆಯಿಂದ ಚಿಮ್ಮ ಎಂದು ಕರೆಯುತ್ತಿದ್ದರು. ಆಗಿನ ಕೊಡಗು ಮೈಸೂರು ಸಂಸ್ಥಾನಕ್ಕೆ ಸೇರಿದುದಲ್ಲ. 1834ರಿಂದ ಬ್ರಿಟಿಷರ ನೇರ ಆಳ್ವಿಕೆಗೆ ಒಳಪಟ್ಟಿದ್ದ ಪುಟ್ಟ ಪ್ರಾಂತ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ವಿದ್ಯಾಭ್ಯಾಸ ಮುಗಿಸಿದ ಕಾರ್ಯಪ್ಪನವರು 1917ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು.

ಮೊದಲನೆಯ ಮಹಾಯುದ್ಧವು ಕೊನೆಗಾಣುತ್ತಿದ್ದ ಕಾಲವದು. ಲಕ್ಷಗಟ್ಟಲೆ ಭಾರತೀಯ ಸಿಪಾಯಿಗಳು ಪರದೇಶಗಳಲ್ಲಿ ಹೋರಾಡಿದ್ದರೂ, ಬ್ರಿಟಿಷ್ ಅಧಿಕಾರಿಗಳಿಗೆ ಸಮಾನವಾದ ಸ್ಥಾನ ಭಾರತೀಯರಿಗೆ ದೊರೆಯುತ್ತಿರಲಿಲ್ಲ. ಇದು ಅನ್ಯಾಯವೆಂಬ ಕೂಗು ದೇಶದಲ್ಲೆಲ್ಲ ಎದ್ದಿತು. ಅದರ ಫಲವಾಗಿ ಇಂದೂರಿನ ಡೇಲಿ ಕೆಡೆಟ್ ಕಾಲೇಜಿನಲ್ಲಿ ಕೆಲವು ಭಾರತೀಯ ತರುಣರಿಗೆ ತರಬೇತಿ ನೀಡಲು ಸರ್ಕಾರವು ಒಪ್ಪಿತು. ಆ ಮೊದಲ ತಂಡದಲ್ಲಿ ಕಾರ್ಯಪ್ಪನವರೂ ಆಯ್ಕೆಗೊಂಡು, 1919ರ ಡಿಸೆಂಬರಿನಲ್ಲಿ ಸೈನ್ಯಾಧಿಕಾರಿಯಾದರು. ಮರುವರ್ಷವೇ ಅವರನ್ನು ಮೆಸಪೊಟೇಮಿಯಾಕ್ಕೆ, ಎಂದರೆ ಇಂದಿನ ಇರಾಕಿಗೆ ಕಳುಹಿಸಲಾಯಿತು. ಮುಂದೆ ಅವರು ರಜಪೂತ ರೆಜಿಮೆಂಟನ್ನು ಸೇರಿ ಅದನ್ನೇ ತಮ್ಮ ಮನೆಯೆಂದು ಭಾವಿಸಿದರು. ಕಾರ್ಯಪ್ಪ ಎಂಬ ಹೆಸರನ್ನು ಉಚ್ಚರಿಸಲಾರದ ಒಬ್ಬ ಬ್ರಿಟಿಷ್ ಅಧಿಕಾರಿಯ ಪತ್ನಿ ಅವರಿಗೆ ಕಿಪ್ಪರ್ ಎಂಬ ಹೆಸರನ್ನಿಟ್ಟಳಂತೆ; ಸೈನ್ಯದ ಗೆಳೆಯರ ಬಾಯಲ್ಲಿ ಆ ಹೆಸರೇ ಕೊನೆಯವರೆಗೂ ಉಳಿಯಿತು.

ಅಂದಿನ ಸೈನ್ಯದಲ್ಲಿ ಭಾರತೀಯ ಅಧಿಕಾರಿಯು ಏರಬೇಕಾಗಿದ್ದ ಪ್ರತಿಯೊಂದು ಮೆಟ್ಟಿಲೂ ಹೊಸ ಮೆಟ್ಟಿಲೇ ಆಗಿತ್ತು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದ ಮೊದಲ ಭಾರತೀಯರು ಅವರು. 1942ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವವನ್ನು ವಹಿಸಿದ ಮೊದಲ ಭಾರತೀಯ ಅಧಿಕಾರಿಯೂ ಅವರೇ. ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್ ದೇಶಗಳಲ್ಲಿಯೂ ಆಮೇಲೆ ಬರ್ಮಾದಲ್ಲಿಯೂ ಸೇವೆ ಸಲ್ಲಿಸಿ, 1944ರಲ್ಲಿ ಬ್ರಿಗೇಡಿಯರ್ ಆದರು. ತರುವಾಯ ವಾಯವ್ಯ ಗಡಿನಾಡಿನ ಬನ್ನು ಬ್ರಿಗೇಡಿನ ನಾಯಕರಾಗಿದ್ದಾಗ, ಬಂದೂಕಿನ ಬಲಕ್ಕಿಂತ ಸ್ನೇಹದ ಬಲವನ್ನೇ ಹೆಚ್ಚಾಗಿ ನಂಬಿ ಪಠಾಣರ ವಿಶ್ವಾಸವನ್ನು ಗಳಿಸಿಕೊಂಡರು. ಮುಂದೆ ಪಾಕಿಸ್ತಾನದ ಅಧ್ಯಕ್ಷರಾದ ಅಯೂಬ್ ಖಾನರು ದೇಶವಿಭಜನೆಗೆ ಮುಂಚೆ ಇವರ ಕೈಕೆಳಗೆ ಕೆಲಸ ಮಾಡಿದ್ದರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

1947ರಲ್ಲಿ ದೇಶವು ಸ್ವತಂತ್ರವಾಯಿತು, ಇಬ್ಭಾಗವೂ ಆಯಿತು. ಅದುವರೆಗೆ ಒಂದೇ ಊಟದ ಮನೆಯಲ್ಲಿ ಕುಳಿತು ಉಂಡಿದ್ದ ಸೈನಿಕರು ಎರಡು ದೇಶಗಳಿಗೆ ಹಂಚಿಹೋದರು. ಆ ದಿನಗಳಲ್ಲಿ ಅಹಿಂಸೆಯೊಂದರಿಂದಲೇ ದೇಶದ ರಕ್ಷಣೆ ಸಾಧ್ಯವಿಲ್ಲವೆಂಬ ಅರ್ಥದ ಮಾತನ್ನು ಕಾರ್ಯಪ್ಪನವರು ಆಡಿದ್ದರು. ಗಾಂಧೀಜಿಯವರು ಅದನ್ನು ತಮ್ಮ ಪತ್ರಿಕೆಯಲ್ಲಿ ಟೀಕಿಸಿದರು. ಬೇರೊಬ್ಬರಾಗಿದ್ದರೆ ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳುತ್ತಿದ್ದರು. ಕಾರ್ಯಪ್ಪನವರಾದರೋ ತಾವೇ ಗಾಂಧೀಜಿಯವರ ಬಳಿಗೆ ಹೋದರು. ಸಿಪಾಯಿಯ ಕರ್ತವ್ಯಪ್ರಜ್ಞೆಯನ್ನು ಕುಂದಿಸದೆ ಅವನ ಹೃದಯದಲ್ಲಿ ಅಹಿಂಸೆಯ ಭಾವನೆಯನ್ನು ಬಿತ್ತುವುದು ಹೇಗೆಂದು ವಿನಯದಿಂದ ಕೇಳಿದರು. ತಾವೂ ಇದಕ್ಕೆ ಉತ್ತರವನ್ನು ಹುಡುಕುತ್ತಿರುವುದಾಗಿಯೂ, ಒಂದು ದಿನ ಹೇಳುವುದಾಗಿಯೂ ಗಾಂಧೀಜಿ ತಿಳಿಸಿದರು. 1948ರ ಜನವರಿಯಲ್ಲಿ, ಕಾಶ್ಮೀರದ ಹೊಣೆಯನ್ನು ಹೊರುವ ಮುನ್ನ, ಕಾರ್ಯಪ್ಪನವರು ಮತ್ತೊಮ್ಮೆ ಅವರ ಆಶೀರ್ವಾದ ಪಡೆದರು. ಕೆಲವೇ ದಿನಗಳಲ್ಲಿ, ಅದೇ ತಿಂಗಳ 30ರಂದು, ಗಾಂಧೀಜಿಯವರ ಹತ್ಯೆಯಾಯಿತು. ಆ ಪ್ರಶ್ನೆಗೆ ಉತ್ತರ ಬರಲೇ ಇಲ್ಲ.

ಆ ವರ್ಷ ಕಾಶ್ಮೀರದ ಯುದ್ಧವನ್ನು ನಡೆಸಿದ ಪಶ್ಚಿಮ ವಿಭಾಗದ ದಂಡನಾಯಕತ್ವ ಕಾರ್ಯಪ್ಪನವರದಾಗಿತ್ತು. ಮಾರ್ಚ್ ತಿಂಗಳಿನಲ್ಲಿ ಝಂಗಡ್ ಮರಳಿ ವಶವಾಯಿತು. ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರವಾದ ಜೋಜಿಲಾ ಕಣಿವೆಯ ಹಾದಿಗೆ ಟ್ಯಾಂಕುಗಳನ್ನು ಏರಿಸಿ ನಮ್ಮ ಸೈನ್ಯವು ಶತ್ರುವನ್ನು ಬೆರಗುಗೊಳಿಸಿತು. ಆ ಸಾಹಸವನ್ನು ಮುಂದೆ ನಿಂತು ನಡೆಸಿದವರು ಜನರಲ್ ತಿಮ್ಮಯ್ಯನವರು, ಅವರೂ ಕೊಡಗಿನವರೇ. ಅದೇ ತಿಂಗಳಿನಲ್ಲಿ ದ್ರಾಸ್, ಕಾರ್ಗಿಲ್‌ಗಳು ಕೈಸೇರಿ ಲೇಹ್‌ನ ಹಾದಿ ತೆರೆಯಿತು. ಬಹುಕಾಲ ಮುತ್ತಿಗೆಯಲ್ಲಿದ್ದ ಪೂಂಛ್ ಪಟ್ಟಣಕ್ಕೂ ಬಿಡುಗಡೆಯಾಯಿತು. 1949ರ ಜನವರಿ 1ರಿಂದ ಕದನವಿರಾಮ ಜಾರಿಗೆ ಬಂದಿತು.

ಎರಡು ವಾರಗಳಾದ ಮೇಲೆ, 1949ರ ಜನವರಿ 15ರಂದು, ಜನರಲ್ ಬುಚರ್ ಅವರಿಂದ ಕಾರ್ಯಪ್ಪನವರು ಭಾರತ ಭೂಸೈನ್ಯದ ಮಹಾದಂಡನಾಯಕತ್ವವನ್ನು ಸ್ವೀಕರಿಸಿದರು. ಆಗ ಅವರಿಗೆ ಐವತ್ತು ವರ್ಷ ತುಂಬಲು ಇನ್ನೂ ಹದಿಮೂರು ದಿನಗಳಿದ್ದವು. ಆ ಸ್ಥಾನದಲ್ಲಿ ಕುಳಿತ ಮೊಟ್ಟಮೊದಲ ಭಾರತೀಯರು ಅವರು. ಇಂದಿಗೂ ಪ್ರತಿವರ್ಷ ಜನವರಿ 15ರಂದು ಸೇನಾ ದಿನವನ್ನು ಆಚರಿಸುವುದು ಈ ಕಾರಣದಿಂದಲೇ. ಜಾತಿ ಪಂಗಡಗಳ ಪ್ರಕಾರ ತುಕಡಿಗಳನ್ನು ಕಟ್ಟುತ್ತಿದ್ದ ಹಳೆಯ ಪದ್ಧತಿಗೆ ಭಿನ್ನವಾಗಿ, ದೇಶದ ಎಲ್ಲ ಪ್ರಾಂತಗಳ, ಎಲ್ಲ ವರ್ಗಗಳ ಯುವಕರು ಒಂದಾಗಿ ಸೇರುವ ಗಾರ್ಡ್ಸ್ ಬ್ರಿಗೇಡನ್ನು ಅವರು ರಚಿಸಿದರು. ಸೈನ್ಯವು ರಾಜಕೀಯದಿಂದ ದೂರವಿರಬೇಕೆಂಬುದನ್ನು ಅಧಿಕಾರಿಗಳಿಗೆ ಮತ್ತೆ ಮತ್ತೆ ಬೋಧಿಸಿದರು. ನೆರೆಹೊರೆಯ ಅನೇಕ ದೇಶಗಳಲ್ಲಿ ಸೈನ್ಯವೇ ಸಿಂಹಾಸನವನ್ನೇರಿದುದನ್ನು ಕಂಡಿರುವ ನಮಗೆ ಆ ಬೋಧನೆಯ ಬೆಲೆ ಏನೆಂಬುದು ಅರ್ಥವಾಗುತ್ತದೆ.

1953ರ ಜನವರಿಯಲ್ಲಿ ಕಾರ್ಯಪ್ಪನವರು ನಿವೃತ್ತರಾದರು. ಬಳಿಕ 1956ರವರೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳಲ್ಲಿ ಭಾರತದ ಹೈಕಮಿಷನರ್ ಆಗಿದ್ದು, ಅಲ್ಲಿಂದ ಹಿಂತಿರುಗಿ ಮಡಿಕೇರಿಯ ತಮ್ಮ ಮನೆಯಾದ ರೋಶನಾರಾದಲ್ಲಿ ನೆಲಸಿದರು. ಇನ್ನು ವಿಶ್ರಾಂತಿ ಪಡೆಯಬಹುದಾಗಿತ್ತು. ಆದರೆ ಅವರ ಮನಸ್ಸನ್ನು ಒಂದು ಚಿಂತೆ ಕಾಡುತ್ತಿತ್ತು. ಸಾಮಾನ್ಯ ಸಿಪಾಯಿಯು ಸೈನ್ಯವನ್ನು ಬಿಡುವಾಗ ಇನ್ನೂ ಯೌವನವನ್ನು ದಾಟಿರುವುದಿಲ್ಲ. ಮಕ್ಕಳು ಚಿಕ್ಕವರು, ಪಿಂಚಣಿ ಅಲ್ಪ, ಕಲಿತ ವಿದ್ಯೆಯೋ ಬಂದೂಕಿನದು. ಊರಿಗೆ ಮರಳಿದವನಿಗೆ ಹೊಲವೂ ಇಲ್ಲ, ಕೆಲಸವೂ ಇಲ್ಲ ಎಂಬಂತಹ ಸ್ಥಿತಿ. ಯುದ್ಧ ಬಂದಾಗ ಅವನಿಗೆ ಹೂಮಾಲೆ ಹಾಕುವ ಜನ, ಯುದ್ಧ ಮುಗಿದ ಮೇಲೆ ಅವನನ್ನು ಮರೆಯುತ್ತಾರೆ. ಈ ಮರೆವನ್ನು ಹೋಗಲಾಡಿಸುವುದೇ ಕಾರ್ಯಪ್ಪನವರ ಎರಡನೆಯ ವೃತ್ತಿಯಾಯಿತು.

1964ರಲ್ಲಿ ಅವರು ಅಖಿಲ ಭಾರತ ಮಟ್ಟದ ಮಾಜಿ ಸೈನಿಕರ ಸಂಘವನ್ನು ಸ್ಥಾಪಿಸಿದರು. ನಿವೃತ್ತ ಸೈನಿಕರ ಪುನರ್ವಸತಿಗಾಗಿ ಪ್ರತ್ಯೇಕ ವ್ಯವಸ್ಥೆ ಇರಬೇಕೆಂದು ದುಡಿದರು. ದೇಶದ ಮೂಲೆಮೂಲೆಗಳಿಗೆ ಸಂಚರಿಸಿ ಮಾಜಿ ಸೈನಿಕರನ್ನೂ ಯೋಧರ ವಿಧವೆಯರನ್ನೂ ಕಂಡು ಅವರ ಅಹವಾಲುಗಳನ್ನು ಆಲಿಸಿದರು. ಇದಕ್ಕಾಗಿ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ; ಇದ್ದುದು ಹೆಸರೊಂದೇ. ಆ ಹೆಸರನ್ನು ಅವರು ತಮಗಾಗಿ ಬಳಸದೆ, ಹೆಸರಿಲ್ಲದವರಿಗಾಗಿ ಬಳಸಿದರು. ಅವರ ಮನೆಯಲ್ಲಿ ತಂದೆತಾಯಿಗಳ ಮತ್ತು ಗಾಂಧೀಜಿಯವರ ನೆನಪಿನ ವಸ್ತುಗಳೊಡನೆ ಒಬ್ಬ ಸಾಮಾನ್ಯ ಜವಾನನ ಪುಟ್ಟ ಪ್ರತಿಮೆಗೂ ಗೌರವದ ಸ್ಥಾನವಿತ್ತು.

ಈ ಪ್ರೀತಿಯು ಬಾಯಿಮಾತಿನದಲ್ಲವೆಂಬುದಕ್ಕೆ 1965ರ ಯುದ್ಧದಲ್ಲಿ ಕಠಿಣವಾದ ಪರೀಕ್ಷೆ ಬಂದಿತು. ಅವರ ಒಬ್ಬನೇ ಮಗ ನಂದ ಕಾರ್ಯಪ್ಪನವರು ವಾಯುಪಡೆಯ ಯುವ ಅಧಿಕಾರಿಯಾಗಿದ್ದರು. ಸೆಪ್ಟೆಂಬರ್ 22ರಂದು, ಕದನವು ಇನ್ನೇನು ನಿಲ್ಲಲಿದೆ ಎನ್ನುವಾಗ, ಅವರ ವಿಮಾನವು ಹೊಡೆತಕ್ಕೆ ಸಿಕ್ಕಿ ಉರುಳಿತು; ಅವರು ಪಾಕಿಸ್ತಾನದ ಕೈಯಲ್ಲಿ ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನರು. ತಮ್ಮ ಹಳೆಯ ಮೇಲಧಿಕಾರಿಯ ಮೇಲಿನ ಗೌರವದಿಂದ ಅವರು, ಮಗನು ಸುರಕ್ಷಿತವಾಗಿರುವನೆಂಬ ಸುದ್ದಿಯನ್ನು ತಂದೆಗೆ ಮುಟ್ಟಿಸಿ, ಅವನಿಗೆ ವಿಶೇಷ ಅನುಕೂಲವನ್ನು ಕಲ್ಪಿಸಲು ಮುಂದಾದರು. ತಂದೆಯು ಕೃತಜ್ಞತೆಯನ್ನು ತಿಳಿಸಿದರು. ಆದರೆ ಆ ಸಹಾಯವನ್ನು ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲರೂ ತಮ್ಮ ಮಕ್ಕಳೇ ಆಗಿರುವುದರಿಂದ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಬೇಕೆಂದು ತಿಳಿಸಿದರು. ನಂದ ಕಾರ್ಯಪ್ಪನವರು ನಾಲ್ಕು ತಿಂಗಳು ಸೆರೆಯಲ್ಲಿದ್ದು, 1966ರ ಜನವರಿಯಲ್ಲಿ ಮರಳಿದರು. ಮುಂದೆ ಏರ್ ಮಾರ್ಷಲ್ ಪದವಿಗೆ ಏರಿದರು.

ಮಕ್ಕಳನ್ನು ಹೆತ್ತವರು ಯಾರೇ ಆಗಲಿ ಈ ಘಟನೆಯನ್ನು ಒಂದು ಕ್ಷಣ ತಮ್ಮ ಮನೆಗೆ ತಂದುಕೊಂಡು ನೋಡಬೇಕು. ಒಂದು ಮಾತು ಆಡಿದ್ದರೆ ಸಾಕು, ಮಗನಿಗೆ ಸುಖ ದೊರೆಯುತ್ತಿತ್ತು. ಆ ಮಾತು ತಪ್ಪೆಂದು ಯಾರೂ ದೂರುತ್ತಿರಲಿಲ್ಲ. ಆದರೆ ಅದೇ ಸೆರೆಯಲ್ಲಿದ್ದ ಬಡ ರೈತನ ಮಗನ ಪರವಾಗಿ ಮಾತನಾಡಲು ಯಾವ ಅಧ್ಯಕ್ಷರ ಪರಿಚಯವಿತ್ತು? ಶುಭಸಂದೇಶದಲ್ಲಿ ಬರುವ ಕಫೆರ್ನವುಮಿನ ಶತಾಧಿಪತಿಯನ್ನು ನಾವೆಲ್ಲರೂ ಬಲ್ಲೆವು. ಆ ಸೇನಾಧಿಕಾರಿಯು ಬೇಡಿಕೊಂಡುದು ತನಗಾಗಿ ಅಲ್ಲ, ತನ್ನ ಆಳಿಗಾಗಿ. ಮಡಿಕೇರಿಯ ಈ ಸೇನಾನಿಯ ನಿರಾಕರಣೆಯಲ್ಲಿ ನಮಗೆ ಆ ಶತಾಧಿಪತಿಯ ನೆನಪಾಗುತ್ತದೆ.

ಕಾರ್ಯಪ್ಪನವರಲ್ಲಿ ಕುಂದುಗಳೇ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಅವರ ಉಡುಗೆ ತೊಡುಗೆ, ನಡೆನುಡಿಗಳು ಬ್ರಿಟಿಷರವು. ಅವರ ಹಿಂದೂಸ್ತಾನಿ ಭಾಷೆ ಸಿಪಾಯಿಗಳಿಗೆ ನಗೆಯ ವಸ್ತುವಾಗಿತ್ತು. ಶಿಸ್ತಿನ ವಿಷಯದಲ್ಲಿ ಅವರು ಒರಟರೆಂದು ಹಲವರಿಗೆ ಅನಿಸುತ್ತಿತ್ತು. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ರಣರಂಗದಲ್ಲಿ ಗೆದ್ದವರಿಗೆ ಚುನಾವಣೆಯ ಕಣ ಒಲಿಯಲಿಲ್ಲ. ಆದರೆ ಆ ಸೋಲಿನಿಂದ ಮಾಜಿ ಸೈನಿಕರ ಸೇವೆಯನ್ನು ಅವರು ಕೈಬಿಡಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ದೇಶವು ಅವರನ್ನು ತಡವಾಗಿಯಾದರೂ ಗೌರವಿಸಿತು. 1986ರ ಏಪ್ರಿಲ್ 28ರಂದು, ಎಂಬತ್ತೇಳರ ವಯಸ್ಸಿನಲ್ಲಿ, ರಾಷ್ಟ್ರಪತಿ ಜೈಲ್ ಸಿಂಗರಿಂದ ಅವರು ಫೀಲ್ಡ್ ಮಾರ್ಷಲ್ ದಂಡವನ್ನು ಸ್ವೀಕರಿಸಿದರು. ಮಾಣೆಕ್ ಶಾ ಅವರ ನಂತರ ಆ ಪದವಿಯನ್ನು ಪಡೆದ ಎರಡನೆಯವರು ಅವರು. ಫೀಲ್ಡ್ ಮಾರ್ಷಲರಿಗೆ ನಿವೃತ್ತಿಯೆಂಬುದಿಲ್ಲ ಎಂಬುದು ಸೈನ್ಯದ ಸಂಪ್ರದಾಯ. ಕಾರ್ಯಪ್ಪನವರ ಮಟ್ಟಿಗೆ ಈ ಸಂಪ್ರದಾಯವು ಮೂವತ್ತು ವರ್ಷಗಳ ಹಿಂದೆಯೇ ಜಾರಿಗೆ ಬಂದಿತ್ತೆನ್ನಬಹುದು. 1993ರ ಮೇ 15ರಂದು ಬೆಂಗಳೂರಿನಲ್ಲಿ, ತೊಂಬತ್ತನಾಲ್ಕರ ವಯಸ್ಸಿನಲ್ಲಿ ಅವರು ಕಾಲವಾದರು. ಎರಡು ದಿನಗಳ ಬಳಿಕ ಮಡಿಕೇರಿಯಲ್ಲಿ ಅಂತ್ಯಕ್ರಿಯೆ ನಡೆದಾಗ ಮೂರು ಪಡೆಗಳ ಮುಖ್ಯಸ್ಥರೂ ಫೀಲ್ಡ್ ಮಾರ್ಷಲ್ ಮಾಣೆಕ್ ಶಾ ಅವರೂ ಉಪಸ್ಥಿತರಿದ್ದರು. ಮಡಿಕೇರಿಯ ಕಾಲೇಜೂ ಬೆಂಗಳೂರಿನ ರೆಸಿಡೆನ್ಸಿ ರಸ್ತೆಯೂ ಇಂದು ಅವರ ಹೆಸರನ್ನು ಹೊತ್ತಿವೆ. 2017ರ ನವೆಂಬರಿನಲ್ಲಿ ಗೋಣಿಕೊಪ್ಪಲಿನಲ್ಲಿ ಅವರ ಮತ್ತು ತಿಮ್ಮಯ್ಯನವರ ಪ್ರತಿಮೆಗಳ ಅನಾವರಣವೂ ಆಯಿತು.

ನೂರು ವರ್ಷಗಳನ್ನು ಪೂರೈಸಿದ ನಮ್ಮ ಧರ್ಮಕೇಂದ್ರವು ನಿಂತಿರುವುದು ಸಂಬಳವಿಲ್ಲದೆ ದುಡಿದವರ ಬೆವರಿನ ಮೇಲೆ. ನೌಕರಿಯಿಂದ ನಿವೃತ್ತರಾಗಿ ಊರಿಗೆ ಮರಳುವ ಹಿರಿಯರು ನಮ್ಮಲ್ಲಿಯೂ ಇದ್ದಾರೆ. ಅವರಲ್ಲಿ ಅನುಭವವಿದೆ, ಸಮಯವಿದೆ, ಒಂದಿಷ್ಟು ಹೆಸರೂ ಇದೆ. ಪಿಂಚಣಿಯ ಕಾಗದ ಬರೆಯಲು ಬಾರದ ವಿಧವೆಯೊಬ್ಬಳು, ಕಚೇರಿಯ ಬಾಗಿಲನ್ನು ತಟ್ಟಲು ಅಂಜುವ ರೈತನೊಬ್ಬ ಪ್ರತಿ ಊರಿನಲ್ಲಿಯೂ ಇದ್ದೇ ಇರುತ್ತಾರೆ. ಅಂತಹವರ ಜೊತೆಯಲ್ಲಿ ಕಚೇರಿಯವರೆಗೆ ನಡೆದುಹೋಗುವುದಕ್ಕೆ ಫೀಲ್ಡ್ ಮಾರ್ಷಲ್ ಆಗಿರಬೇಕಾಗಿಲ್ಲ. ಕಾಡಿನಾಚೆಯ ನಮ್ಮ ನೆರೆಯವರ ಜೀವನವನ್ನು ಓದಿದ ಮೇಲೆ ಒಬ್ಬಿಬ್ಬರಾದರೂ ಈ ಕೆಲಸಕ್ಕೆ ಮುಂದಾದರೆ, ಈ ಪುಟಗಳನ್ನು ಬರೆದ ನಮ್ಮ ಶ್ರಮ ಸಾರ್ಥಕ.